ತಾಳ, ಲಾಳ

ಮೊದಲು ಕಿವಿಗೇ ಗೊತ್ತಾದದ್ದು.
ಅಂಗಳದ ಸುಣ್ಣಗಲ್ಲಿನ ಮೇಲೆ ಪಿಹ್ಲ ನಡೆಯುವಾಗ
ಮೂರು ಹೆಜ್ಜೆ ಸರಿ, ನಾಲ್ಕನೆಯದು
ಅರೆ ಉಸಿರಿನಷ್ಟು ತಡ.
ಇಪ್ಪತ್ತೆರಡು ವರ್ಷ ಪಿಯಾನೋಗಳ ತಂತಿ ಬಿಗಿದವಳು ನಾನು;
ಕಣ್ಣಿಗೆ ಮೋಸವಾದೀತು, ಇದಕ್ಕಿಲ್ಲ.
ಮುಂಗಾಲೆತ್ತಿ ನೋಡಿದೆ: ಲಾಳ ಸಡಿಲ,
ಎರಡು ಮೊಳೆ ಮಾಯ,
ಗೊರಸಿನಂಚು ಹಳೆ ಪಿಂಗಾಣಿಯ ಹಾಗೆ ಸೀಳು ಬಿಟ್ಟಿದೆ.

ತಾಲಿನ್‌ನಲ್ಲಿ ಇದಕ್ಕೆಲ್ಲ ಒಂದು ಫೋನು ಸಾಕಿತ್ತು.
ಲಾಯದ ಗೋಡೆಯ ಮೇಲೆ ನಂಬರುಗಳ ಸಾಲು:
ಲಾಳದವನು, ಹಲ್ಲಿನವಳು, ಹುಲ್ಲಿನವನು,
ನಡುರಾತ್ರಿಯ ಹೊಟ್ಟೆನೋವಿಗೂ ಎದ್ದು ಬರುವ ಡಾಕ್ಟರು.
ಸಾರೆಮಾ ದ್ವೀಪಕ್ಕೆ ಬರುವಾಗ
ಪಿಯಾನೋ ತಂದೆ, ಒಲೆ ತಂದೆ, ಕುದುರೆ ತಂದೆ;
ಆ ಗೋಡೆಯನ್ನು ತರಲಾಗಲಿಲ್ಲ.

ದನದ ಡಾಕ್ಟರಮ್ಮ ಫೋನಿನಲ್ಲೇ ನಕ್ಕಳು:
"ಹಸುವಾದರೆ ಈಗಲೇ ಬಂದೆ.
ಕುದುರೆಯ ಕಾಲಿಗೆ ಕೈ ಹಾಕುವುದಿಲ್ಲ,
ಒಮ್ಮೆ ಹಾಕಿ ಎರಡು ಪಕ್ಕೆಲುಬು ಕೊಟ್ಟಿದ್ದೇನೆ."
ಆದರೂ ಒಂದು ಹೆಸರು ಹೇಳಿದಳು.
ಆ ಹೆಸರಿನವನು ಫಿನ್‌ಲೆಂಡಿಗೆ ಹೋಗಿ ಮೂರು ವರ್ಷ,
ಅಲ್ಲಿ ಮನೆಗಳಿಗೆ ಮಾಡು ಹೊದಿಸುತ್ತಾನಂತೆ.
ಅವನ ತಾಯಿ ಕೊಟ್ಟಳು ರೈಗೊನ ನಂಬರು.
ರೈಗೊ ಆಚೆ ದಡದವನು,
ಆರು ವಾರಕ್ಕೊಮ್ಮೆ ಫೆರ್ರಿ ಹತ್ತಿ ಬರುತ್ತಾನೆ,
ಐದು ಕುದುರೆಯಾದರೂ ಇದ್ದರೆ.
"ನಿಮ್ಮಲ್ಲಿ ಎಷ್ಟು?"
"ಒಂದು."
ಆ ಕಡೆ ಬರೀ ಗಾಳಿಯ ಸದ್ದು.
"ಗುರುವಾರ ನೋಡೋಣ," ಎಂದ, ಪಾಪ.

ಲಾಳ ಸಿಕ್ಕಿತೆಂದು ಕುದುರೆ ಕೊಂಡವರುಂಟು,
ಕುದುರೆ ಇಟ್ಟುಕೊಂಡು ಲಾಳಕ್ಕೆ ಅಲೆದೆ ನಾನು.
ಅಂಗಡಿಯ ಲೈನೆ ಕೇಳಿದಳು: "ಕುದುರೆಯ ಹೆಸರೇನು?"
ಅಂಚೆಯ ಕಾಲ್ಯು: "ವಯಸ್ಸೆಷ್ಟು? ಒದೆಯುತ್ತದೆಯೇ?"
ಹೊಗೆಮೀನು ಮಾರುವ ಗಂಡ ಹೆಂಡಿರು: "ಬಣ್ಣ ಯಾವುದು?"
ಲಾಳದವನ ಮಾತನ್ನು ಯಾರೂ ಎತ್ತಲಿಲ್ಲ.
ನನ್ನ ಹೆಸರನ್ನೂ ಯಾರೂ ಕೇಳಲಿಲ್ಲ.

ಗುರುವಾರ ಬಿರುಗಾಳಿ. ಫೆರ್ರಿ ನಿಂತಿತು.
ಜುನಿಪರ್ ಪೊದೆಗಳು ನೆಲಕ್ಕೆ ಹಣೆ ಹಚ್ಚಿದ್ದವು.
ಗೇಟಿನ ಬಳಿ ಒಬ್ಬ ಮುದುಕ, ಸೈಕಲ್ಲು,
ಹ್ಯಾಂಡಲಿಗೆ ತೂಗುಹಾಕಿದ ಗೋಣಿಚೀಲ.
"ಪಿಹ್ಲ ಇರುವ ಮನೆ ಇದೇ ತಾನೆ?"

ಏಂದೆಲ್. ಸಾಮೂಹಿಕ ಬೇಸಾಯದ ದಿನಗಳಲ್ಲಿ
ನಲವತ್ತು ಕುದುರೆಗಳಿಗೆ ಅವನೊಬ್ಬನೇ.
"ಎಲ್ಲರೂ ಅಧಿಕಾರಿಗಳ ಕಾಲು ಹಿಡಿಯುತ್ತಿದ್ದ ಕಾಲ,
ನಾನು ಕುದುರೆಗಳ ಕಾಲು ಹಿಡಿದುಕೊಂಡಿದ್ದೆ."
ಚೀಲದಿಂದ ಅರ ಬಂತು, ಇಕ್ಕಳ ಬಂತು,
ಚಾಕೊಲೇಟ್ ಡಬ್ಬಿಯಲ್ಲಿ
ಎಣ್ಣೆ ಸವರಿದ ಮೊಳೆಗಳು, ಆ ಕಾಲದವೇ.
ಬಗ್ಗಿದವನು ನೆಟ್ಟಗಾಗಲು ಎರಡು ಸಲ ನನ್ನ ಹೆಗಲು ಕೇಳಿದ.
ಪಿಹ್ಲ ಅವನ ಟೋಪಿಯನ್ನು ಮೂಸಿ, ಮೂಸಿ,
ಕೊನೆಗೆ ಕಿತ್ತೇಬಿಟ್ಟಳು.
ಕತ್ತರಿಸಿ ಬಿದ್ದ ಗೊರಸಿನ ಚೂರನ್ನು
ಯಾರ ಮನೆಯ ನಾಯಿಯೋ ಕಚ್ಚಿಕೊಂಡು ಓಡಿತು.

ಹಳೆಯ ಲಾಳವನ್ನೇ ತಟ್ಟಿ, ತಿದ್ದಿ, ಕೂರಿಸಿ
"ಕೇಳು," ಎಂದ.
"ಗಟ್ಟಿಯಲ್ಲಿ ಹೋಗುವ ಮೊಳೆಯ ಸದ್ದು ಏರುತ್ತದೆ.
ಮಂದವಾಯಿತೋ, ಕಿತ್ತುಬಿಡು,
ಅದು ಜೀವದ ಕಡೆ ಹೊರಟಿದೆ."
ಕೇಳಿದೆ. ಒಂದೊಂದು ಹೊಡೆತಕ್ಕೂ
ಕಾಲು ಸ್ವರ, ಅರೆ ಸ್ವರ ಮೇಲೆ.
ಆಗ ನನ್ನ ಕಸುಬು ಹೇಳಿದೆ.
ಅವನು ಮಾತಾಡದೆ ಸುತ್ತಿಗೆಯನ್ನು ನನ್ನ ಕೈಗಿಟ್ಟ;
ಆರನೆಯ ಮೊಳೆ ನನ್ನದು.

ದುಡ್ಡು ಮುಟ್ಟಲಿಲ್ಲ.
ಊರ ಸಭಾಂಗಣದಲ್ಲಿ ಒಂದು ಪಿಯಾನೋ ಇದೆಯಂತೆ,
ಅದರೊಳಗೆ ಇಲಿಗಳು ಸಂಸಾರ ಹೂಡಿವೆಯಂತೆ,
ಶ್ರುತಿ ಮಾಡುವವರು ಎಲ್ಲಿ ಸಿಗುತ್ತಾರೆಂದು
ಎಂಟು ವರ್ಷದಿಂದ ಲೈನೆ
ಬಂದವರನ್ನೆಲ್ಲ ಕೇಳುತ್ತಿದ್ದಾಳಂತೆ.

ಸಂಜೆ ಪಿಹ್ಲಳನ್ನು ಅಂಗಳದಲ್ಲಿ ನಡೆಸಿದೆ.
ನಾಲ್ಕನೆಯ ಹೆಜ್ಜೆ ಇನ್ನೂ ಕೂದಲೆಳೆಯಷ್ಟು ಹಿಂದೆ.
ಇರಲಿ.
ಸೀಮೆಸುಣ್ಣ ಹುಡುಕಿ ಲಾಯದ ಬರಿಗೋಡೆಗೆ ಬರೆದೆ:
ಏಂದೆಲ್. ಫೋನಿಲ್ಲ.
ಕಲ್ಲುಗೋಡೆ ದಾಟಿ ಎರಡನೆಯ ಗೇಟು.
ಗಟ್ಟಿಯಾಗಿ ಕೂಗಬೇಕು.